ಮುಚ್ಚಳ ಹಾಕಿದರೂ ಕಾಣುವ ಚುಕ್ಕಿ

2024ರ ಮೇ ತಿಂಗಳು. ಕುಷ್ಟಗಿ ಹತ್ತಿರ ನಮ್ಮಕ್ಕನ ಊರು. ರಾತ್ರಿ ಹನ್ನೊಂದಾದರೂ ಮಾಳಿಗೆಯ ಕಾವು ಇಳಿದಿರಲಿಲ್ಲ. ಅಕ್ಕ ಸಂಜೆಯೇ ನಾಲ್ಕು ಕೊಡ ನೀರು ಸುರಿದು ಹೋಗಿದ್ದಳು. ಅದು ಆರಿ ಎಷ್ಟೋ ಹೊತ್ತಾಗಿತ್ತು. ನಾನು ಟ್ರೈಪಾಡ್ ಮೇಲೆ, ನಕ್ಷತ್ರಗಳ ಜೊತೆ ಕ್ಯಾಮೆರಾವನ್ನು ನಿಧಾನಕ್ಕೆ ತಿರುಗಿಸುವ ಟ್ರ್ಯಾಕರ್ ಕೂರಿಸಿ, ಅದರ ಮೇಲೆ ಕ್ಯಾಮೆರಾ ಕೂರಿಸಿ, ಉತ್ತರ ಕಿರೀಟದ ಕಡೆ ತಿರುಗಿಸಿದ್ದೆ. ಒಡೆದ ಬಳೆಯ ಚೂರಿನಂತೆ ಬಾಗಿರುವ ಏಳು ನಕ್ಷತ್ರಗಳ ಸಣ್ಣ ಗುಂಪು ಅದು. ಸ್ವಾತಿ ನಕ್ಷತ್ರ ಗೊತ್ತಿದ್ದವರಿಗೆ ಅದರಿಂದ ಸ್ವಲ್ಪ ಮೂಡಣಕ್ಕೆ ಸಿಗುತ್ತದೆ. ಅಕ್ಕನ ಮಗ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಆಗ ಆರನೇ ಕ್ಲಾಸು. ಶಟರ್ ತೆರೆದಾಗಿನಿಂದ ಮುಚ್ಚುವವರೆಗೆ ಅರವತ್ತು ಎಣಿಸುವುದು ಅವನ ಕೆಲಸ. ಕ್ಯಾಮೆರಾ ತಾನೇ ಎಣಿಸಿಕೊಳ್ಳುತ್ತದೆ. ಆದರೂ ಅವನಿಗೆ ಎಣಿಸುವುದು ಇಷ್ಟ.

ಆ ವರ್ಷ ನಕ್ಷತ್ರ ನೋಡುವ ಹುಚ್ಚಿದ್ದವರೆಲ್ಲ ಆ ಬಳೆಚೂರಿನ ಕಡೆಗೇ ಕಣ್ಣಿಟ್ಟಿದ್ದರು. ಅದರ ಅಂಚಿನಲ್ಲಿ ಟಿ ಕರೋನಾ ಬೋರಿಯಾಲಿಸ್ ಅನ್ನುವ ನಕ್ಷತ್ರವಿದೆ. ಬರಿಗಣ್ಣಿಗೆ ಕಾಣುವುದಿಲ್ಲ. ನಿಜಕ್ಕೂ ಅದು ಎರಡು ನಕ್ಷತ್ರಗಳ ಜೋಡಿ. ಒಂದು ಉಬ್ಬಿಕೊಂಡ ಕೆಂಪು ದೈತ್ಯ, ಇನ್ನೊಂದು ನಮ್ಮ ಭೂಮಿಯಷ್ಟೇ ಗಾತ್ರದ ಬಿಳಿ ಕುಬ್ಜ. ಕೆಂಪಿನ ಮೈಯಿಂದ ಹೈಡ್ರೋಜನ್ ಹರಿದು ಬಿಳಿಯ ಮೇಲೆ ಸೇರುತ್ತಾ ಹೋಗುತ್ತದೆ. ಸುಮಾರು 80 ವರ್ಷಕ್ಕೊಮ್ಮೆ ಹೀಗೆ ಸೇರಿದ್ದೆಲ್ಲ ಒಮ್ಮೆಲೇ ಸ್ಫೋಟಿಸುತ್ತದೆ. ಆಗ ಕೆಲವು ದಿನ ಅದು ಬರಿಗಣ್ಣಿಗೆ ಕಾಣುತ್ತದೆ, ಉತ್ತುಂಗದಲ್ಲಿ ಧ್ರುವ ನಕ್ಷತ್ರದಷ್ಟು ಬೆಳಗುತ್ತದೆ. 1866ರಲ್ಲಿ ಹಾಗಾಗಿತ್ತು, 1946ರಲ್ಲಿ ಮತ್ತೆ ಆಯಿತು. 2024ರ ಸೆಪ್ಟೆಂಬರ್ ಒಳಗೆ ಇನ್ನೊಮ್ಮೆ ಆಗಬಹುದು ಎಂದು ನಾಸಾ ಆ ವರ್ಷದ ಫೆಬ್ರುವರಿಯಲ್ಲಿ ಹೇಳಿತ್ತು. ಜೀವಮಾನದಲ್ಲಿ ಒಮ್ಮೆ ಸಿಗುವ ನೋಟ. ಹಾಗಾಗಿ ರಜೆಗೆ ಊರಿಗೆ ಹೊರಟಾಗ ಬಟ್ಟೆಗಿಂತ ಮೊದಲು ಕ್ಯಾಮೆರಾ ಬ್ಯಾಗು ಕಟ್ಟಿಟ್ಟಿದ್ದೆ.

ಐದನೇ ಫ್ರೇಮ್ ಆದಮೇಲೆ ಕ್ಯಾಮೆರಾದ ಪರದೆಯಲ್ಲಿ ಜೂಮ್ ಮಾಡಿ ನೋಡಿದೆ. ಆ ಬಳೆಚೂರಿನ ಎಪ್ಸಿಲಾನ್ ಎಂಬ ನಕ್ಷತ್ರದಿಂದ ಒಂದು ಡಿಗ್ರಿಯಷ್ಟು ದೂರದಲ್ಲಿ, ಟಿ ಇರಬೇಕಾದ ಜಾಗದಲ್ಲಿ, ಕೆಂಪಗೆ ಒಂದು ಚುಕ್ಕಿ. ಸುತ್ತಲಿನ ಎಲ್ಲ ಸಣ್ಣ ನಕ್ಷತ್ರಗಳಿಗಿಂತ ಪ್ರಖರ. ತಲೆ ಎತ್ತಿ ನೋಡಿದೆ. ಬರಿಗಣ್ಣಿಗೆ ಏನೂ ಇಲ್ಲ. ಆದರೆ ಬೇಸಿಗೆಯ ಧೂಳು ಇತ್ತು. ಮೇಲಾಗಿ, ಸ್ಫೋಟ ಶುರುವಾದ ನಕ್ಷತ್ರ ಪೂರ್ತಿ ಬೆಳಗಲು ಕೆಲವು ಗಂಟೆ ಬೇಕು. ಈಗಷ್ಟೇ ಏರುತ್ತಿದ್ದರೆ? ಹಿಂದಿನ ನಾಲ್ಕು ಫ್ರೇಮ್ ತೆಗೆದು ನೋಡಿದೆ. ನಾಲ್ಕರಲ್ಲೂ ಅದೇ ಜಾಗದಲ್ಲಿ ಅದೇ ಕೆಂಪು. ಎದೆ ಹೊಡೆದುಕೊಳ್ಳತೊಡಗಿತು. ಬೆಂಗಳೂರಿನ ಗೆಳೆಯನಿಗೆ ಮೆಸೇಜ್ ಬರೆದೆ. ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿಬಿಡೋಣ ಅನ್ನಿಸಿತು. ಲೆನ್ಸಿನ ಮುಚ್ಚಳ ಹಾಕಿ, ಉಳಿದ ಎಲ್ಲವನ್ನೂ ಹಾಗೇ ಬಿಟ್ಟು, ಇನ್ನೊಂದು ಅರವತ್ತು ಸೆಕೆಂಡು ತೆಗೆದೆ.

ಹುಡುಗ ಎದ್ದು ಬಂದು ಪರದೆಗೆ ಮುಖ ಒಡ್ಡಿದ. "ಮಾಮಾ, ಮುಚ್ಚಳ ಹಾಕಿದ್ರೂ ಚಿಕ್ಕಿ ಕಾಣಾಕತ್ತೈತಲ್ಲ!"

ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಅಂತಾರೆ. ಬೇರೆ ಕಡೆ ಚುಕ್ಕಿ. ಆಕಾಶದಲ್ಲಿರುವುದಕ್ಕೂ ಹಾಳೆಯ ಮೇಲೆ ಪೆನ್ನು ತಾಗಿ ಬೀಳುವುದಕ್ಕೂ ಕನ್ನಡದಲ್ಲಿ ಒಂದೇ ಮಾತು. ಆ ರಾತ್ರಿ ನನಗೆ ಎರಡರ ನಡುವಿನ ಗೆರೆ ಅಳಿಸಿಹೋಗಿತ್ತು. ಪೂರ್ತಿ ಕತ್ತಲೆಯ ಆ ಫೋಟೋದಲ್ಲಿ ಕೆಂಪು ಚುಕ್ಕಿ ತನ್ನ ಜಾಗ ಬಿಟ್ಟು ಕದಲಿರಲಿಲ್ಲ. ಅದೊಂದೇ ಅಲ್ಲ. ಮೂಲೆಯಿಂದ ಮೂಲೆಗೆ ಕೆಂಪು, ನೀಲಿ, ಹಸಿರು ಚುಕ್ಕಿಗಳು. ನಲವತ್ತರ ತನಕ ಎಣಿಸಿದೆವು. ಅವೆಲ್ಲ ಹಿಂದಿನ ಐದು ಫ್ರೇಮಿನಲ್ಲೂ ಇದ್ದವು. ನಾನು ನೋಡಿರಲಿಲ್ಲ, ಅಷ್ಟೇ. ಕಣ್ಣು ಒಂದೇ ಜಾಗದಲ್ಲಿ ಹುಡುಕುತ್ತಿತ್ತು, ಅಲ್ಲಿದ್ದದ್ದು ಮಾತ್ರ ಕಂಡಿತು.

ಮೆಸೇಜ್ ಅಳಿಸಿದೆ. ಬೇಜಾರಾಯಿತು, ನಿಜ. ಆದರೆ ಬೆಳಗಿನ ಜಾವದ ತನಕ ನಿದ್ದೆ ಬರದಿದ್ದದ್ದು ಆ ಬೇಜಾರಿಗಲ್ಲ, ಹುಡುಗನ ಮಾತಿಗೆ. ಬೆಳಕೇ ಇಲ್ಲದಾಗ ಚುಕ್ಕಿ ಎಲ್ಲಿಂದ ಬಂತು?

ಕ್ಯಾಮೆರಾದ ಸೆನ್ಸರ್ ಅಂದರೆ ಬೆಳಕು ಹಿಡಿಯುವ ಸಿಲಿಕಾನ್ ಬಿಲ್ಲೆ. ನನ್ನ ಕ್ಯಾಮೆರಾದಲ್ಲಿ ಅಡ್ಡಕ್ಕೆ 6000, ಉದ್ದಕ್ಕೆ 4000, ಒಟ್ಟು 2.4 ಕೋಟಿ ಸಣ್ಣ ಬಟ್ಟಲುಗಳನ್ನು ಜೋಡಿಸಿಟ್ಟಂತೆ ಯೋಚಿಸಿ. ಒಂದೊಂದು ಬಟ್ಟಲೂ ಒಂದು ಪಿಕ್ಸೆಲ್. ಬೆಳಕು ಬಿದ್ದರೆ ಸಿಲಿಕಾನಿನಿಂದ ಎಲೆಕ್ಟ್ರಾನು ಬಿಡಿಸಿಕೊಂಡು ಬಟ್ಟಲಿಗೆ ಬೀಳುತ್ತದೆ. ಶಟರ್ ಮುಚ್ಚಿದ ಮೇಲೆ ಕ್ಯಾಮೆರಾ ಪ್ರತಿ ಬಟ್ಟಲಲ್ಲಿ ಎಷ್ಟು ತುಂಬಿದೆ ಎಂದು ಅಳೆಯುತ್ತದೆ. ತೊಂದರೆ ಏನೆಂದರೆ, ಎಲೆಕ್ಟ್ರಾನನ್ನು ಬಿಡಿಸಲು ಬೆಳಕೇ ಬೇಕೆಂದಿಲ್ಲ. ಶಾಖವೂ ಬಿಡಿಸುತ್ತದೆ. ಬಟ್ಟಲಿಗೆ ಅದು ಬೆಳಕಿನ ಎಲೆಕ್ಟ್ರಾನೋ ಕಾವಿನದೋ ಗೊತ್ತಾಗುವುದಿಲ್ಲ. ಕತ್ತಲಲ್ಲೂ ಹೀಗೆ ತೊಟ್ಟಿಕ್ಕುವುದಕ್ಕೆ ಡಾರ್ಕ್ ಕರೆಂಟ್ ಅಂತಾರೆ. ಎಲ್ಲ ಬಟ್ಟಲಲ್ಲೂ ಅದು ಇದ್ದೇ ಇದೆ, ಆದರೆ ತುಂಬಾ ಸಣ್ಣದು. ಸಿಲಿಕಾನಿನ ಹರಳಿನಲ್ಲಿ ಎಲ್ಲೋ ಒಂದು ಪರಮಾಣು ಜಾಗ ತಪ್ಪಿದ್ದರೆ, ಅಥವಾ ಬೇರೆ ಲೋಹದ ಒಂದು ಕಣ ಸೇರಿಕೊಂಡಿದ್ದರೆ, ಅಲ್ಲಿ ಮಾತ್ರ ಸೋರಿಕೆ ಜಾಸ್ತಿ. ಅದೇ ಹಾಟ್ ಪಿಕ್ಸೆಲ್.

ಡಾರ್ಕ್ ಕರೆಂಟು ಸುಮಾರು 6ರಿಂದ 8 ಡಿಗ್ರಿ ಕಾವು ಏರಿದಾಗಲೆಲ್ಲ ಎರಡು ಪಟ್ಟಾಗುತ್ತದೆ. ಇದು ಗೊತ್ತಾದ ಮೇಲೆ ನನಗೆ ಬಹಳ ಸಂಗತಿ ಹೊಳೆಯಿತು. ಇದೇ ಕ್ಯಾಮೆರಾದಲ್ಲಿ ಡಿಸೆಂಬರಿನಲ್ಲಿ ಬೆಂಗಳೂರಿನ ಹೊರಗೆ ಮೃಗಶಿರ ತೆಗೆದಿದ್ದೆ. 16 ಡಿಗ್ರಿ ಚಳಿ. ಫೋಟೋ ಶುಭ್ರವಾಗಿ ಬಂದಿತ್ತು. ಕುಷ್ಟಗಿಯ ಮಾಳಿಗೆಯಲ್ಲಿ ಆ ರಾತ್ರಿ 31 ಇತ್ತು. 15 ಡಿಗ್ರಿ ವ್ಯತ್ಯಾಸ ಅಂದರೆ ಸೋರಿಕೆ ಸುಮಾರು ನಾಲ್ಕೈದು ಪಟ್ಟು. ಫೋಕಸ್ ಮಾಡಲೆಂದು ಹತ್ತು ನಿಮಿಷ ಲೈವ್ ವ್ಯೂ, ಅಂದರೆ ಪರದೆಯಲ್ಲಿ ನೇರ ನೋಟ, ಹಾಕಿಟ್ಟಿದ್ದೆ, ಅದರಿಂದ ಸೆನ್ಸರ್ ಇನ್ನೂ ಕಾದಿತ್ತು. ಹಗಲಿನಲ್ಲಿ ಸೆಕೆಂಡಿನ ಐನೂರನೇ ಒಂದು ಭಾಗದಲ್ಲಿ ಫೋಟೋ ತೆಗೆಯುವಾಗ ಸೋರಿಕೆಗೆ ಸಮಯವೇ ಸಿಗುವುದಿಲ್ಲ. ಅರವತ್ತು ಸೆಕೆಂಡು ತೆರೆದಿಟ್ಟರೆ ತೊಟ್ಟು ತೊಟ್ಟಾಗಿ ಬಟ್ಟಲು ತುಂಬುತ್ತದೆ. ಬಿಸಿಲುನಾಡಿನವರು ಆಕಾಶದ ಫೋಟೋ ತೆಗೆಯುವಾಗ ಚಳಿದೇಶದವರ ಲೆಕ್ಕಾಚಾರ ನಂಬಿ ಕೂರಬಾರದು. ನಮ್ಮ ಮೇ ತಿಂಗಳೇ ಬೇರೆ.

ಚುಕ್ಕಿಗೆ ಬಣ್ಣ ಯಾಕೆ ಅನ್ನುವುದು ಹುಡುಗನ ಮುಂದಿನ ಪ್ರಶ್ನೆ. ಸೆನ್ಸರಿಗೆ ಬಣ್ಣ ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿ ಬಟ್ಟಲ ಮೇಲೂ ಕೆಂಪು, ಹಸಿರು ಇಲ್ಲವೇ ನೀಲಿ ಗಾಜಿನಂಥ ಒಂದು ಸೋಸುಕವನ್ನು, ಅಂದರೆ ಫಿಲ್ಟರನ್ನು, ಇಟ್ಟಿರುತ್ತಾರೆ. ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಎಂಬುವರು ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದರು. ಇವತ್ತಿಗೂ ಬಹುಪಾಲು ಕ್ಯಾಮೆರಾಗಳಲ್ಲಿ ಅದೇ. ಹಸಿರು ಎರಡು ಪಾಲು, ಕೆಂಪು ನೀಲಿ ಒಂದೊಂದು ಪಾಲು. ಅಕ್ಕ ಬೆಳಿಗ್ಗೆ ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆಯುವುದನ್ನೇ ಅವನಿಗೆ ತೋರಿಸಿದೆ. ಮೊದಲು ಚುಕ್ಕಿ ಸಾಲು, ಆಮೇಲೆ ಚುಕ್ಕಿಗಳ ನಡುವಿನ ಎಳೆ. ಕ್ಯಾಮೆರಾ ಕೂಡ ಅಕ್ಕಪಕ್ಕದ ಚುಕ್ಕಿ ನೋಡಿಕೊಂಡು ನಡುವಿನ ಬಣ್ಣ ತುಂಬುತ್ತದೆ. ಒಂದು ಚುಕ್ಕಿ ತಪ್ಪಿದರೆ ಸುತ್ತಲಿನ ಎಳೆಯೆಲ್ಲ ಸೊಟ್ಟ. ಕೆಂಪು ಸೋಸುಕದ ಕೆಳಗಿನ ಬಟ್ಟಲು ಸೋರಿದರೆ ಕೆಂಪು ಅದರ ನೆರೆಗೂ ಹರಡುತ್ತದೆ. ಒಂದೇ ಪಿಕ್ಸೆಲ್ಲಿನ ತಪ್ಪು ಸಣ್ಣ ಕೂಡಿಸುವ ಗುರುತಿನಂತೆ ಕಾಣುತ್ತದೆ. ಜೆಪೆಗ್ ಮಾಡಿದರೆ ಇನ್ನಷ್ಟು ಮೆತ್ತಿಕೊಳ್ಳುತ್ತದೆ. ಹಾಗಾಗಿ ಸರಿಪಡಿಸುವುದಿದ್ದರೆ ಎಳೆ ಎಳೆಯುವ ಮುಂಚೆ, ಅಂದರೆ ಸೆನ್ಸರ್ ಅಳೆದದ್ದನ್ನು ಹಾಗೇ ಇಟ್ಟಿರುವ ರಾ ಫೈಲಿನಲ್ಲೇ ಸರಿಪಡಿಸಬೇಕು. ಆಮೇಲೆ ಉಜ್ಜಿದರೆ ಕಲೆ ಉಳಿಯುತ್ತದೆ.

ಡೆಡ್ ಪಿಕ್ಸೆಲ್ ಬೇರೆ. ಅದು ಸತ್ತ ಬಟ್ಟಲು, ಎಷ್ಟು ಬೆಳಕು ಬಿದ್ದರೂ ಖಾಲಿ. ಅದು ಅಪರೂಪ, ಅದರಿಂದ ತೊಂದರೆಯೂ ಕಡಿಮೆ. ಆದರೆ ನನಗೆ ಫೋಟೋ ಕಳಿಸಿ "ಡೆಡ್ ಪಿಕ್ಸೆಲ್ ಬಂದಿದೆ, ಏನ್ಮಾಡ್ಲಿ" ಎಂದು ಕೇಳುವವರಲ್ಲಿ ಹೆಚ್ಚಿನವರದ್ದು ಧೂಳು. ಮೋಡವಿಲ್ಲದ ಆಕಾಶಕ್ಕೋ ಬಿಳಿ ಗೋಡೆಗೋ ಲೆನ್ಸಿನ ಕಿಂಡಿ ಕಿರಿದು ಮಾಡಿ, ಎಫ್ 16ರಲ್ಲಿ, ಒಂದು ಫೋಟೋ ತೆಗೆಯಿರಿ. ಬೂದು ಬಣ್ಣದ ಮೆತ್ತನೆ ಕಲೆ ಕಂಡು, ಕಿಂಡಿ ಅಗಲಿಸಿ ಎಫ್ 2.8ಕ್ಕೆ ಬಂದಾಗ ಕರಗಿದರೆ ಅದು ಧೂಳು. ಡೆಡ್ ಪಿಕ್ಸೆಲ್ಲಿಗೆ ಈ ಕಿಂಡಿ, ಅಂದರೆ ಅಪರ್ಚರ್, ಲೆಕ್ಕಕ್ಕಿಲ್ಲ. ಅದು ಎಲ್ಲಿಯೂ ಒಂದೇ ಥರ, ಸೂಜಿಮೊನೆಯಷ್ಟು. ಇನ್ನೊಂದು, ಫೋಟೋವನ್ನು ಪರದೆಯಲ್ಲಿ ಆಚೀಚೆ ಸರಿಸಿ ನೋಡಿ. ಚುಕ್ಕಿ ಫೋಟೋದ ಜೊತೆ ಸರಿಯದೆ ಅಲ್ಲೇ ನಿಂತರೆ ಕೆಟ್ಟಿರುವುದು ಪರದೆ, ಸೆನ್ಸರ್ ಅಲ್ಲ. ಇಷ್ಟು ನೋಡದೆ ಯಾರೂ ಅಂಗಡಿಗೆ ಹೋಗಬೇಡಿ.

ನಾನು ಹೋಗಿದ್ದೆ. ಬೆಂಗಳೂರಿಗೆ ವಾಪಸ್ಸಾದ ವಾರದಲ್ಲೇ ಒಂದು ಸರ್ವಿಸ್ ಸೆಂಟರಿಗೆ ಆ ಕತ್ತಲೆಯ ಫೋಟೋ ತೋರಿಸಿದೆ. ಕೌಂಟರಿನ ಹುಡುಗ ಒಳಗೆ ಹೋಗಿ ಬಂದು, ಸೆನ್ಸರ್ ಬದಲಿಸಬೇಕು ಸಾರ್, 38 ಸಾವಿರ ಆಗುತ್ತದೆ ಅಂದ. ನನ್ನ ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಮಾರಿದರೂ ಅಷ್ಟು ಬರುವುದಿಲ್ಲ. 2.4 ಕೋಟಿಯಲ್ಲಿ ನಲವತ್ತು ಕೆಟ್ಟರೆ ಅದು ರೋಗವಾ, ಸಹಜವಾ ಎಂದು ಕೇಳಿದೆ. ಉತ್ತರ ಬರಲಿಲ್ಲ. ಅಷ್ಟು ದುಡ್ಡು ಕೊಟ್ಟು ಬದಲಿಸಿಕೊಂಡವರು, ಕ್ಯಾಮೆರಾ ಮೂಲೆಗೆಸೆದವರು ಎಷ್ಟು ಜನರಿದ್ದಾರೋ ಎಂದು ಈಗಲೂ ಸಂಕಟವಾಗುತ್ತದೆ. ಈ ಬರಹ ಬರೆಯಲು ಅದೂ ಒಂದು ಕಾರಣ.

ಯಾಕೆಂದರೆ ಹೊಸ ಕ್ಯಾಮೆರಾದಲ್ಲೂ ಕೆಟ್ಟ ಪಿಕ್ಸೆಲ್ ಇರುತ್ತವೆ. ಕೋಟಿಗಟ್ಟಲೆ ಬಟ್ಟಲಲ್ಲಿ ಒಂದೂ ಕೆಡದ ಸೆನ್ಸರ್ ಮಾಡುವುದು ಯಾರಿಂದಲೂ ಆಗದ ಮಾತು. ಕಾರ್ಖಾನೆಯಲ್ಲೇ ಪರೀಕ್ಷಿಸಿ, ಕೆಟ್ಟವುಗಳ ವಿಳಾಸವನ್ನು ಕ್ಯಾಮೆರಾದ ನೆನಪಿನಲ್ಲಿ ಬರೆದಿಡುತ್ತಾರೆ. ಫೋಟೋ ತೆಗೆದಾಗಲೆಲ್ಲ ಕ್ಯಾಮೆರಾ ಆ ಜಾಗಗಳನ್ನು ಅಕ್ಕಪಕ್ಕದವುಗಳಿಂದ ತುಂಬುತ್ತದೆ. ಇದಕ್ಕೆ ಪಿಕ್ಸೆಲ್ ಮ್ಯಾಪಿಂಗ್ ಅಂತಾರೆ. ಕೊಂಡ ಮೇಲೆ ಹೊಸದಾಗಿ ಕೆಟ್ಟವು ಆ ಪಟ್ಟಿಯಲ್ಲಿ ಇರುವುದಿಲ್ಲ, ಅವೇ ನಮಗೆ ಕಾಣುವುದು. ಒಲಿಂಪಸ್, ಪೆಂಟಾಕ್ಸ್ ಕ್ಯಾಮೆರಾಗಳ ಮೆನುವಿನಲ್ಲೇ ಪಿಕ್ಸೆಲ್ ಮ್ಯಾಪಿಂಗ್ ಇದೆ. ಒತ್ತಿದರೆ ಕ್ಯಾಮೆರಾ ಕತ್ತಲಲ್ಲಿ ತನ್ನನ್ನು ತಾನೇ ನೋಡಿಕೊಂಡು ಪಟ್ಟಿ ತಿದ್ದಿಕೊಳ್ಳುತ್ತದೆ. ಇತ್ತೀಚಿನ ಬೇರೆ ಕೆಲವು ಬ್ರ್ಯಾಂಡುಗಳಲ್ಲೂ ಬಂದಿದೆ. ಕೆಲವು ಕ್ಯಾನನ್ ಕ್ಯಾಮೆರಾಗಳಲ್ಲಿ ಬಳಕೆದಾರರು ಕಂಡುಕೊಂಡ ದಾರಿಯೊಂದಿದೆ. ಲೆನ್ಸ್ ತೆಗೆದು ಬಾಡಿ ಕ್ಯಾಪ್ ಹಾಕಿ, ಕೈಯಾರೆ ಸೆನ್ಸರ್ ಒರೆಸುವ ಆಯ್ಕೆ ಒತ್ತಿ, ಅರ್ಧ ನಿಮಿಷ ಬಿಟ್ಟು ಆಫ್ ಮಾಡುವುದು. ನನ್ನ ಕ್ಯಾಮೆರಾದ ಮೆನುವಿನ ಆಳದಲ್ಲೂ ಮ್ಯಾಪಿಂಗ್ ಇತ್ತು. ಒಂದು ನಿಮಿಷ ಕೂಡ ಹಿಡಿಯಲಿಲ್ಲ. ನಲವತ್ತರಲ್ಲಿ ಇಪ್ಪತ್ತೈದು ಹೋದವು. 38 ಸಾವಿರ ಅಂದಿದ್ದರಲ್ಲ.

ಉಳಿದ ಹದಿನೈದು? ಅವು ತಣ್ಣಗಿದ್ದಾಗ ಸಭ್ಯವಾಗಿರುತ್ತವೆ. ಬಿಸಿಯಾದಾಗ, ಶಟರ್ ಬಹಳ ಹೊತ್ತು ತೆರೆದಿಡುವ ದೀರ್ಘ ಎಕ್ಸ್‌ಪೋಶರಿನಲ್ಲಿ ಮಾತ್ರ ತಲೆ ಎತ್ತುತ್ತವೆ. ಮದುವೆ, ಹಕ್ಕಿ, ಮಕ್ಕಳ ಫೋಟೋ ತೆಗೆಯುವವರಿಗೆ ಇಲ್ಲಿಗೆ ವಿಷಯ ಮುಗಿಯಿತು. ಫೋಟೋ ತಿದ್ದುವ ಲೈಟ್‌ರೂಮ್ ತಂತ್ರಾಂಶ ರಾ ಫೈಲ್ ತೆರೆಯುವಾಗ ತಾನೇ ಇಂಥವನ್ನು ಹುಡುಕಿ ತುಂಬುತ್ತದೆ. ದುಡ್ಡಿಲ್ಲದೆ ಸಿಗುವ ಡಾರ್ಕ್‌ಟೇಬಲ್, ರಾಥೆರಪಿಯಲ್ಲೂ ಅದಕ್ಕೆಂದೇ ಸವಲತ್ತಿದೆ. ಚುಕ್ಕಿ ಕಾಣದಿದ್ದರೆ ಸಾಕು ಅನ್ನುವವರಿಗೆ ಚುಕ್ಕಿ ಕಾಣುವುದಿಲ್ಲ.

ಆಕಾಶ ತೆಗೆಯುವವರಿಗೆ ಅಷ್ಟು ಸಾಲದು. ಆ ತಂತ್ರಾಂಶಗಳೂ, ಕ್ಯಾಮೆರಾದೊಳಗಿನ ಸೋಸುವಿಕೆಯೂ ಮಾಡುವುದು ಒಂದೇ ಕೆಲಸ. ಸುತ್ತ ಕಪ್ಪಿದ್ದು ನಡುವೆ ಒಂದೇ ಪಿಕ್ಸೆಲ್ ಹೊಳೆದರೆ ಅದನ್ನು ತಪ್ಪು ಎಂದುಕೊಂಡು ಅಳಿಸುವುದು. ಆದರೆ ಒಳ್ಳೆಯ ಲೆನ್ಸಿನಲ್ಲಿ ಸರಿಯಾಗಿ ಫೋಕಸ್ ಆದ ಸಣ್ಣ ನಕ್ಷತ್ರವೂ ಹಾಗೇ ತಾನೇ ಇರುತ್ತದೆ? ಕೆಲವು ಕ್ಯಾಮೆರಾಗಳು ದೀರ್ಘ ಎಕ್ಸ್‌ಪೋಶರಿನಲ್ಲಿ ರಾ ಫೈಲಿನಲ್ಲೇ ಹೀಗೆ ಅಳಿಸಿ, ಮಂಕು ನಕ್ಷತ್ರಗಳನ್ನೂ ಅಳಿಸಿಬಿಡುತ್ತಿದ್ದವು. ಆಕಾಶದ ಫೋಟೋಗ್ರಾಫರುಗಳು ಇದನ್ನು ಸ್ಟಾರ್ ಈಟರ್ ಎಂದು ಕರೆದರು. ನಾನು ಮುಚ್ಚಳ ಹಾಕದೆ, ಸುಮ್ನೆ ಒಂದು ಫಿಲ್ಟರ್ ಹಾಕಿ ಕೆಂಪು ಚುಕ್ಕಿ ಅಳಿಸಿದ್ದೆ ಎಂದುಕೊಳ್ಳಿ. ಒಂದು ವೇಳೆ ಅದು ನಿಜಕ್ಕೂ ಟಿ ಆಗಿದ್ದರೆ? ಅದನ್ನೂ ಅಳಿಸಿರುತ್ತಿದ್ದೆ. ಊಹೆಯಿಂದ ಅಳಿಸುವುದಕ್ಕೂ, ಇದು ಸೋರುವ ಬಟ್ಟಲು ಎಂದು ಖಾತ್ರಿ ಮಾಡಿಕೊಂಡು ಅಳಿಸುವುದಕ್ಕೂ ನನಗೆ ಬಹಳ ವ್ಯತ್ಯಾಸ ಕಾಣುತ್ತದೆ.

ಖಾತ್ರಿ ಮಾಡಿಕೊಳ್ಳುವ ದಾರಿ ಆ ರಾತ್ರಿ ಮಾಡಿದ್ದೇ. ಕತ್ತಲೆಯ ಫೋಟೋ ತೆಗೆಯುವುದು. ಡಾರ್ಕ್ ಫ್ರೇಮ್ ಅಂತಾರೆ. ಸಂವೇದನೆಯ ಮಟ್ಟ ಹೇಳುವ ಐಎಸ್‌ಒ ಅದೇ, ಅದೇ ಅರವತ್ತು ಸೆಕೆಂಡು, ಅದೇ ಕಾವು, ಮುಚ್ಚಳ ಮಾತ್ರ ಹಾಕಿ. ಒಂದಲ್ಲ, ಇಪ್ಪತ್ತು ಬೇಕು. ಇಪ್ಪತ್ತರಿಂದ ಪ್ರತಿ ಪಿಕ್ಸೆಲ್ಲಿನ ನಡುವಿನ ಬೆಲೆಯನ್ನು ಆರಿಸಿದರೆ ಸೋರಿಕೆಯ ಸ್ಪಷ್ಟ ನಕ್ಷೆ ಸಿಗುತ್ತದೆ. ಆಕಾಶದ ಪ್ರತಿ ಫ್ರೇಮಿನಿಂದ ಅದನ್ನು ಕಳೆಯಬೇಕು. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಥರದ ಉಚಿತ ತಂತ್ರಾಂಶಗಳು ಈ ಲೆಕ್ಕ ಮಾಡಿಕೊಡುತ್ತವೆ. ಕ್ಯಾಮೆರಾದಲ್ಲಿರುವ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಕೂಡ ಇದೇ. ಪ್ರತಿ ಫೋಟೋ ಆದಮೇಲೆ ಅಷ್ಟೇ ಹೊತ್ತು ಶಟರ್ ಮುಚ್ಚಿ ಇನ್ನೊಂದು ತೆಗೆದು ಕಳೆಯುತ್ತದೆ. ಒಂದೆರಡು ಫೋಟೋಕ್ಕೆ ಒಳ್ಳೆಯದು. ಮೂವತ್ತು ತೆಗೆಯುವಾಗ ಅರ್ಧ ರಾತ್ರಿ ಕತ್ತಲನ್ನೇ ತೆಗೆಯುತ್ತಾ ಕೂರಬೇಕಾಗುತ್ತದೆ. ನಾನು ಅದನ್ನು ಆಫ್ ಮಾಡಿ, ಕೊನೆಗೆ ಒಟ್ಟಿಗೆ ಡಾರ್ಕ್ ತೆಗೆಯುತ್ತೇನೆ. ಅಲ್ಲೇ, ಅದೇ ಮಾಳಿಗೆಯಲ್ಲಿ. ಮರುದಿನ ಬೆಳಿಗ್ಗೆ ಫ್ಯಾನ್ ಕೆಳಗೆ ಕೂತು ತೆಗೆದ ಡಾರ್ಕ್ ಆ ರಾತ್ರಿಯ ಕಾವಿಗೆ ಹೊಂದುವುದಿಲ್ಲ.

ನಾನು ಮೋಸ ಹೋದ ಜಾಗ ಇನ್ನೂ ಒಂದಿತ್ತು. ಟ್ರ್ಯಾಕರ್ ಇಲ್ಲದೆ ಬರೀ ಟ್ರೈಪಾಡಿನಲ್ಲಿ ತೆಗೆದಿದ್ದರೆ ನನಗೆ ಆಗಲೇ ಗೊತ್ತಾಗುತ್ತಿತ್ತು. 50 ಎಂಎಂ ಲೆನ್ಸಿನಲ್ಲಿ, ನನ್ನ ಸೆನ್ಸರಿನ ಲೆಕ್ಕದಲ್ಲಿ, ಆ ಭಾಗದ ನಕ್ಷತ್ರ ಒಂದು ನಿಮಿಷಕ್ಕೆ ಸುಮಾರು ಐವತ್ತು ಪಿಕ್ಸೆಲ್ ಸರಿಯುತ್ತದೆ. ಐದು ಫ್ರೇಮಿನಲ್ಲಿ ಆಕಾಶವೆಲ್ಲ ಸರಿದು ಕೆಂಪು ಚುಕ್ಕಿ ಒಂದೇ ಹಿಂದೆ ಉಳಿದಿರುತ್ತಿತ್ತು. ಟ್ರ್ಯಾಕರ್ ನಕ್ಷತ್ರಗಳನ್ನು ಹಿಡಿದು ನಿಲ್ಲಿಸಿತ್ತು. ನಿಂತ ಆಕಾಶದಲ್ಲಿ ನಿಂತ ಚುಕ್ಕಿ ನಕ್ಷತ್ರದ ಹಾಗೇ ಕಂಡಿತು. ಈಗ ಪ್ರತಿ ನಾಲ್ಕೈದು ಫ್ರೇಮಿಗೊಮ್ಮೆ ಬೇಕೆಂದೇ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸುತ್ತೇನೆ. ಡಿದರಿಂಗ್ ಅನ್ನುತ್ತಾರೆ. ನಕ್ಷತ್ರಗಳನ್ನು ಒಂದರ ಮೇಲೊಂದು ಹೊಂದಿಸಿದಾಗ ಹಾಟ್ ಪಿಕ್ಸೆಲ್‌ಗಳು ಬೇರೆ ಬೇರೆ ಜಾಗಕ್ಕೆ ಚದುರುತ್ತವೆ, ಲೆಕ್ಕದಲ್ಲಿ ಉದುರಿಹೋಗುತ್ತವೆ. ಒಂದೇ ಉಪಾಯ ಮಾಡಲು ಪುರುಸೊತ್ತು ಇದ್ದರೆ ನಾನು ಇದನ್ನೇ ಮಾಡುತ್ತೇನೆ.

ದೊಡ್ಡ ದೂರದರ್ಶಕಗಳ ಕ್ಯಾಮೆರಾಗಳಿಗೂ ಈ ಕಾಟ ತಪ್ಪಿಲ್ಲ. ಅವುಗಳ ಸೆನ್ಸರನ್ನು ದ್ರವ ಸಾರಜನಕದಲ್ಲಿ ಮೈನಸ್ 100 ಡಿಗ್ರಿಯ ಆಸುಪಾಸಿಗೆ ತಣಿಸುವುದೇ ಸೋರಿಕೆ ನಿಲ್ಲಿಸಲು. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, ನಮ್ಮ ದೇಶದ 2 ಮೀಟರ್ ದೂರದರ್ಶಕ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಹೊಸಕೋಟೆ ದಾಟುವಾಗಲೆಲ್ಲ, ಇಲ್ಲಿ ಕೂತು ಯಾರೋ ಅಲ್ಲಿನ ಕತ್ತಲನ್ನು ಅಳೆಯುತ್ತಿದ್ದಾರೆ ಎಂದು ನೆನೆದು ಖುಷಿಯಾಗುತ್ತದೆ.

ಹಬಲ್ ದೂರದರ್ಶಕದ ಸಂಗತಿ ಇನ್ನೂ ಚೆನ್ನಾಗಿದೆ. ಬಾಹ್ಯಾಕಾಶದ ಕಣಗಳು ಬಡಿದು ಬಡಿದು ಅದರ ಸೆನ್ಸರಿನಲ್ಲಿ ದಿನವೂ ಹೊಸ ಹಾಟ್ ಪಿಕ್ಸೆಲ್ ಹುಟ್ಟುತ್ತವೆ. ಅದಕ್ಕೆಂದು ಪ್ರತಿ ಸಲ ಅಲ್ಲಿಗೆ ಹೋಗಿ ಬದಲಿಸುವ ಹಾಗಿಲ್ಲ. ಅದಕ್ಕೆ ಸುಮಾರು ತಿಂಗಳಿಗೊಮ್ಮೆ ತಣಿಸುವ ಯಂತ್ರ ನಿಲ್ಲಿಸಿ ಸೆನ್ಸರನ್ನು ಬೆಚ್ಚಗಾಗಲು ಬಿಡುತ್ತಾರೆ. ಮೈನಸ್ 80ರಲ್ಲಿದ್ದದ್ದು ನಮ್ಮ ಕೋಣೆಯಷ್ಟು ಬೆಚ್ಚಗಾದಾಗ, ಜಾಗ ತಪ್ಪಿದ ಪರಮಾಣುಗಳಲ್ಲಿ ಎಷ್ಟೋ ಮತ್ತೆ ನೆಲೆಗೆ ಬರುತ್ತಿರಬಹುದು. ಹೊಸ ಹಾಟ್ ಪಿಕ್ಸೆಲ್‌ಗಳಲ್ಲಿ ಹೆಚ್ಚಿನವು ವಾಸಿಯಾಗುತ್ತವೆ. ಚುಕ್ಕಿ ತೋರಿಸಿದ ಕಾವೇ ಚುಕ್ಕಿ ಮಾಯಿಸುತ್ತದೆ.

ನೆಲದ ಮೇಲಿರುವ ನಮ್ಮ ಕ್ಯಾಮೆರಾಗಳಿಗೂ ಆ ಕಣಗಳ ಪೆಟ್ಟು ಬೀಳುತ್ತದೆ. ದೂರದಿಂದ ಬಂದ ಕಾಸ್ಮಿಕ್ ಕಿರಣ ನಮ್ಮ ಗಾಳಿಗೆ ಬಡಿದು ನ್ಯೂಟ್ರಾನುಗಳನ್ನು ಚಿಮ್ಮಿಸುತ್ತದೆ. ಅದರಲ್ಲೊಂದು ಸೆನ್ಸರಿನ ಸಿಲಿಕಾನ್ ಪರಮಾಣುವನ್ನು ಗುದ್ದಿ ಸರಿಸಿದರೆ ಅಲ್ಲೊಂದು ಹಾಟ್ ಪಿಕ್ಸೆಲ್. ವಿಮಾನ ಹಾರುವ ಎತ್ತರದಲ್ಲಿ ಈ ನ್ಯೂಟ್ರಾನುಗಳು ಸಮುದ್ರಮಟ್ಟಕ್ಕಿಂತ ನೂರಾರು ಪಟ್ಟು ಜಾಸ್ತಿ. ಆ ಕಿರಣಗಳಲ್ಲಿ ಬಹುಪಾಲು ಸ್ಫೋಟಿಸಿದ ನಕ್ಷತ್ರಗಳ ಅವಶೇಷಗಳಿಂದ ಹೊರಟವು ಎಂದು ವಿಜ್ಞಾನಿಗಳು ನಂಬುತ್ತಾರೆ. ನನ್ನ ಕೆಂಪು ಚುಕ್ಕಿ ಹುಟ್ಟಿದ್ದು ಹಾಗೆಯೋ, ಕಾರ್ಖಾನೆಯ ಒಂದು ಕಣದಿಂದಲೋ, ಹೇಳಲು ದಾರಿಯಿಲ್ಲ. ಆದರೆ ಹಾಗೆ ಆಗಿರಬಹುದು ಎಂದು ಹುಡುಗನಿಗೆ ಹೇಳಿದಾಗ ಅವನು ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದ.

2025ರ ಮೇ ತಿಂಗಳಲ್ಲಿ ಮತ್ತೆ ಹೋದೆ. ಟಿ ಇನ್ನೂ ಸ್ಫೋಟಿಸಿರಲಿಲ್ಲ. ನಾನು ಟ್ರ್ಯಾಕರ್ ಜೋಡಿಸಿ, ಬೇವಿನ ಮರದ ಸಂದಿಯಲ್ಲಿ ಧ್ರುವನನ್ನು ಹುಡುಕುತ್ತಿದ್ದಾಗ ಹುಡುಗ ಗಣಿತದ ಗ್ರಾಫ್ ಪುಸ್ತಕ ತಂದ. ಹಿಂದಿನ ವರ್ಷ ಮ್ಯಾಪಿಂಗ್ ಆದಮೇಲೆ ಉಳಿದ ಹದಿನೈದು ಚುಕ್ಕಿಗಳ ಫೋಟೋ ಕಳಿಸಿದ್ದೆ. ಅಷ್ಟನ್ನೂ ಅಳತೆ ಹಿಡಿದು ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ. ಮೇಲೆ ದೊಡ್ಡದಾಗಿ ಬರೆದಿದ್ದ, "ಇವು ಚಿಕ್ಕಿ ಅಲ್ಲ."

ಮೊದಲು ಕತ್ತಲು ತೆಗೆದೆವು. ಅವನು ಅರವತ್ತು ಎಣಿಸಿದ. ಆಮೇಲೆ ಪರದೆ ನೋಡಿಕೊಂಡು, ಪುಸ್ತಕ ನೋಡಿಕೊಂಡು, ಒಂದೊಂದಕ್ಕೇ ಬೆರಳಿಟ್ಟ. ಹದಿನಾರನೆಯದಕ್ಕೆ ಬೆರಳು ನಿಂತಿತು.

"ಮಾಮಾ, ಇದೊಂದು ಹೊಸಾದು ಬಂದೈತಿ."

ನೀಲಿ ಪೆನ್ಸಿಲ್ ತೆಗೆದು ಗುರುತು ಹಾಕಿದ. ಪಕ್ಕದಲ್ಲಿ ತಾರೀಖು ಬರೆದ. ಆಮೇಲೆ ಎದ್ದು ಲೆನ್ಸಿನ ಮುಚ್ಚಳ ತೆಗೆದ.